ಮೋಟಾರು ಸೈಕಲಿಗೆ ಕಾರಿನ ಟಯರು

ಅಡಿಕೆಯ ಧಾರಣೆ, ಶಾಲೆಗಳಲ್ಲಿ ಕನ್ನಡ ಅಧ್ಯಾಪಕರ ನೇಮಕಾತಿ, ಕಡಲ್ಕೊರೆತ - ಬರೆಯಬೇಕಾದ ವಿಷಯಗಳಿಗೆ ನಮ್ಮ ಜಿಲ್ಲೆಯಲ್ಲಿ ಎಂದೂ ಬರಗಾಲವಿಲ್ಲ. ಹೀಗಿರುವಾಗ ಮೋಟಾರು ಸೈಕಲಿನ ಹಿಂಬದಿಯ ಟಯರಿನ ಕುರಿತು ಅಗ್ರಲೇಖನ ಬರೆಯಹೊರಟಿರುವುದನ್ನು ಕಂಡು ಕೆಲವರು ಹುಬ್ಬೇರಿಸಬಹುದು. ಆದರೆ ಓದುಗರೊಬ್ಬರು ನಮ್ಮ ಕಚೇರಿಗೆ ಬಂದು ಕೇಳಿದ ಪ್ರಶ್ನೆ ನಮ್ಮನ್ನು ಯೋಚನೆಗೆ ಹಚ್ಚಿದೆ. ಅವರು ಕೃಷಿಕರು; ಹಳೆಯ ಮೋಟಾರು ಸೈಕಲೊಂದರಲ್ಲಿ ಅಡಿಕೆ, ತೆಂಗಿನಕಾಯಿ, ಹಸುವಿನ ಹಿಂಡಿ ಎಲ್ಲವನ್ನೂ ಸಾಗಿಸುವವರು. ಸಂಜೆಯ ಹೊತ್ತು ಅದೇ ಗಾಡಿಯಲ್ಲಿ ಮಗಳನ್ನು ಕಾಲೇಜಿನಿಂದ ಕರೆತರುವವರು. ಹಿಂಬದಿಯ ಟಯರು ಬೇಗನೆ ಸವೆಯುತ್ತದೆಂಬುದು ಅವರ ಗೋಳು. ಪರಿಚಯದ ಮೆಕ್ಯಾನಿಕನೊಬ್ಬ, "ರಿಮ್ಮು ಬದಲಿಸಿ ಕಾರಿನ ಟಯರು ಕೂರಿಸಿಕೊಡುತ್ತೇನೆ, ಮೂರು ಪಾಲು ಬಾಳುತ್ತದೆ" ಎಂದನಂತೆ. "ಹಾಕಿಸಲೋ ಬೇಡವೋ, ನೀವು ಪತ್ರಿಕೆಯವರು, ತಿಳಿದು ಹೇಳಿ" ಎಂಬುದು ಅವರ ಕೋರಿಕೆ. ಒಬ್ಬರು ಕೇಳಿದ್ದನ್ನು ಹಲವರು ಮನಸ್ಸಿನಲ್ಲಿಟ್ಟುಕೊಂಡಿರಬಹುದಾದ ಕಾರಣ ಉತ್ತರವನ್ನು ಇಲ್ಲಿಯೇ ಬರೆಯುತ್ತಿದ್ದೇವೆ.

ಈ ಪದ್ಧತಿ ಯಾರೋ ಒಬ್ಬ ಮೆಕ್ಯಾನಿಕನ ತಲೆಯಲ್ಲಿ ಹುಟ್ಟಿದ್ದಲ್ಲ. ಅಮೆರಿಕದಲ್ಲಿ ದೂರ ಪ್ರಯಾಣದ ಭಾರೀ ಮೋಟಾರು ಸೈಕಲುಗಳನ್ನು ಓಡಿಸುವವರಲ್ಲಿ ಒಂದು ಪಂಗಡ ಹಲವಾರು ವರ್ಷಗಳಿಂದ ಹಿಂಬದಿಯ ಚಕ್ರಕ್ಕೆ ಕಾರಿನ ಟಯರು ತೊಡಿಸುತ್ತ ಬಂದಿದೆ. ಹಾಗೆ ಮಾಡುವುದನ್ನು ಅವರು ತಮಾಷೆಗೆ 'ಕತ್ತಲ ಕಡೆಗೆ ಹೋಗುವುದು' ಎನ್ನುತ್ತಾರೆ. ಹೊಂಡಾ ಕಂಪೆನಿಯ ಗೋಲ್ಡ್ ವಿಂಗ್ ಇವರಿಗೆ ಅಚ್ಚುಮೆಚ್ಚು. 2001ರಲ್ಲಿ ಬಂದ 1800 ಸಿ.ಸಿ.ಯ ಗೋಲ್ಡ್ ವಿಂಗಿನ ಹಿಂಬದಿಯ ಚಕ್ರ 16 ಇಂಚಿನದು. ಟಯರಿನ ಅಳತೆ 180/60. ಕಾರಿನಲ್ಲಿಯೂ 16 ಇಂಚಿನ ಚಕ್ರ ಸಾಮಾನ್ಯವಾದ್ದರಿಂದ 195/55ರ ಕಾರಿನ ಟಯರನ್ನು ಅದಕ್ಕೆ ಹೇಗೋ ಕೂರಿಸಲಾಗುತ್ತದೆ. ಗಾಡಿಯ ತೂಕವೇ ಸುಮಾರು 400 ಕಿಲೋ. ಅಂಥ ಗಾಡಿಯ ಮೂಲ ಟಯರು ಹದಿನೈದು ಇಪ್ಪತ್ತು ಸಾವಿರ ಕಿಲೋಮೀಟರಿಗೆ ಮುಗಿದರೆ, ಕಾರಿನ ಟಯರು ಅದರ ಎರಡು ಮೂರು ಪಟ್ಟು ಬಾಳುತ್ತದೆ, ಬೆಲೆಯೂ ಕಡಮೆ. ಲಕ್ಷಾಂತರ ಮೈಲು ಓಡಿಸಿಯೂ ತಮಗೇನೂ ಆಗಲಿಲ್ಲವೆಂದು ಹೇಳುವವರು ಅವರಲ್ಲಿದ್ದಾರೆ. ಈ ಮಾತನ್ನು ನಾವು ಸುಳ್ಳೆನ್ನುವುದಿಲ್ಲ. ಆದರೆ ಏನೂ ಆಗದವನು ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ, ಏನಾದರೂ ಆದವನು ಹೇಳಲು ಬರುವುದಿಲ್ಲ ಎಂಬುದನ್ನು ಮರೆಯಬಾರದು.

ಈಗ ವಿಷಯದ ಮೂಲಕ್ಕೆ ಬರೋಣ. ಮೋಟಾರು ಸೈಕಲಿನ ಟಯರನ್ನು ಅಡ್ಡಕ್ಕೆ ಕೊಯ್ದು ನೋಡಿದರೆ ಅದರ ಮೈ ಅರ್ಧಚಂದ್ರದಂತೆ ದುಂಡಗಿರುತ್ತದೆ. ಕಾರಿನ ಟಯರಿನದು ಸಪಾಟು. ಮಣೆಯಂತೆ ಚಪ್ಪಟೆ, ಎರಡು ಕಡೆ ಮೂಲೆ. ಇದು ಅಂದಚೆಂದಕ್ಕಾಗಿ ಮಾಡಿದ ವ್ಯತ್ಯಾಸವಲ್ಲ. ಕಾರು ತಿರುವಿನಲ್ಲಿ ನೆಟ್ಟಗೆ ನಿಂತೇ ತಿರುಗುತ್ತದೆ. ಇರುಚಕ್ರವಾದರೋ ಒಳಕ್ಕೆ ವಾಲದೆ ತಿರುಗಲಾರದು. ಮೂವತ್ತು ಮೀಟರು ತ್ರಿಜ್ಯದ ಒಂದು ತಿರುವನ್ನು ಗಂಟೆಗೆ 40 ಕಿಲೋಮೀಟರು ವೇಗದಲ್ಲಿ ದಾಟಬೇಕಾದರೆ ಗಾಡಿ ಸುಮಾರು 23 ಡಿಗ್ರಿಯಷ್ಟು ವಾಲಬೇಕು. ವೇಗ 50 ಆದರೆ ವಾಲುವಿಕೆ 33 ಡಿಗ್ರಿಗೆ ಏರುತ್ತದೆ. ದುಂಡು ಟಯರು ಎಷ್ಟು ವಾಲಿದರೂ ಅದರ ಮೈಯ ಒಂದು ಪಾಲು ನೆಲವನ್ನು ಒಂದೇ ತೆರನಾಗಿ ಹಿಡಿದುಕೊಂಡಿರುತ್ತದೆ. ಚಪ್ಪಟೆ ಟಯರು ವಾಲಿದಾಗ ಮೈ ಎದ್ದು ಮೂಲೆ ಮಾತ್ರ ನೆಲಕ್ಕೆ ಉಳಿಯುತ್ತದೆ. ಮೆತ್ತನೆಯ ಬದಿಗೋಡೆ ಸ್ವಲ್ಪ ಬಾಗಿ ಸಹಕರಿಸುತ್ತದೆಂಬುದು ನಿಜ. ಅಮೆರಿಕದವರ ಗಾಡಿ ಬೀಳದೆ ಉಳಿಯುವುದು ಆ ಬಾಗುವಿಕೆಯಿಂದಲೇ. ಆದರೆ ಭಾರ ಮೂಲೆಗೆ ಸರಿದಂತೆ ಟಯರು ಗಾಡಿಯನ್ನು ಮತ್ತೆ ನೆಟ್ಟಗೆ ನಿಲ್ಲಿಸಲು ಎಳೆಯುತ್ತದೆ. ತಿರುವಿನುದ್ದಕ್ಕೂ ಸವಾರ ಹ್ಯಾಂಡಲನ್ನು ಒತ್ತಿ ಹಿಡಿದುಕೊಂಡೇ ಇರಬೇಕು. ನಡುತಿರುವಿನಲ್ಲಿ ಆಡೊಂದು ಅಡ್ಡ ಬಂತೆನ್ನಿ, ಕೈ ಸಡಿಲಿತೆನ್ನಿ, ಗಾಡಿ ನೆಟ್ಟಗಾಗಿ ರಸ್ತೆಯ ಆಚೆ ಬದಿಗೆ ಹೊರಡುತ್ತದೆ. ಆಚೆ ಬದಿಯಲ್ಲಿ ಬಸ್ಸು ಬರುತ್ತಿರುತ್ತದೆ.

ಎರಡನೆಯದು ರಿಮ್ಮಿನ ಪ್ರಶ್ನೆ. ಹದಿನಾರು ಇಂಚು ಎಂದರೆ ಎಲ್ಲ ಕಡೆ ಹದಿನಾರೇ ಅಲ್ಲವೇ ಎಂದು ಕೇಳುವವರಿದ್ದಾರೆ. ಅಳತೆಯ ಹೆಸರು ಒಂದೇ ಆದರೂ, ಟಯರಿನ ಅಂಚು ಕುಳಿತುಕೊಳ್ಳುವ ಪೀಠದ ಆಕಾರ ಎರಡರಲ್ಲಿ ಬೇರೆ ಬೇರೆ. ರಿಮ್ಮಿನ ಕಿವಿಯ ಎತ್ತರ ಬೇರೆ, ಗಾಳಿ ಇಳಿದಾಗ ಅಂಚು ಜಾರದಂತೆ ತಡೆಯುವ ಉಬ್ಬಿನ ಅಳತೆ ಬೇರೆ. ಟಯರಿನ ಅಂಚಿನೊಳಗೆ ಉಕ್ಕಿನ ತಂತಿಯ ಬಳೆಯಿದೆ. ಕಾರಿನ ಟಯರು ಮೋಟಾರು ಸೈಕಲಿನ ರಿಮ್ಮಿನಲ್ಲಿ ಸುಲಭವಾಗಿ ಕೂರುವುದಿಲ್ಲವಾದ್ದರಿಂದ ಸೋಪಿನ ನೀರು ಹಚ್ಚಿ ಅಳತೆ ಮೀರಿ ಗಾಳಿ ತುಂಬಿಸಿ 'ಟಪ್' ಎಂದು ಕೂರಿಸುವುದು ರೂಢಿ. ಅಂಚು ಕೂರಿಸುವಾಗ 40 ಪೌಂಡಿಗಿಂತ ಹೆಚ್ಚು ಒತ್ತಡ ಕೊಡಬೇಡಿರೆಂಬ ಎಚ್ಚರಿಕೆ ಅನೇಕ ಕಾರಿನ ಟಯರುಗಳ ಮೈಮೇಲೆಯೇ ಅಚ್ಚಾಗಿರುತ್ತದೆ. ಅದನ್ನು ಮೀರಿ ತುಂಬಿಸುವಾಗ ತಂತಿ ಹರಿದರೆ, ಬಗ್ಗಿ ನೋಡುತ್ತಿರುವ ಮೆಕ್ಯಾನಿಕನ ಮುಖದ ಗತಿಯೇನು? ಕೂತದ್ದು ಸರಿಯಾಗಿ ಕೂತಿತೆಂದು ಹೊರಗಿನಿಂದ ನೋಡಿ ಹೇಳಲೂ ಆಗದು.

ಅಲ್ಲದೆ ನಮ್ಮ ಊರ ಗಾಡಿಗಳಿಗೆ ಅಮೆರಿಕದ ಲೆಕ್ಕ ಹೊಂದುವುದೇ ಇಲ್ಲ. ಹಳೆಯ ಬುಲೆಟ್ಟಿನ ಚಕ್ರ 19 ಇಂಚಿನದು. ಆಮೇಲೆ ಬಂದ ಹಲವು ಗಾಡಿಗಳದು 18 ಅಥವಾ 17. ನಮ್ಮಲ್ಲಿ ಓಡುವ ಸಣ್ಣ ಕಾರುಗಳ ಚಕ್ರ 12ರಿಂದ 15 ಇಂಚಿನವು. ಹಾಗಾಗಿ ಮೊದಲು ರಿಮ್ಮನ್ನೇ ಬದಲಿಸಬೇಕು, ಕಡ್ಡಿಗಳನ್ನು ಹೊಸತಾಗಿ ಕಟ್ಟಬೇಕು. ಚಕ್ರ ಅಗಲವಾದೊಡನೆ ಒಂದು ಬದಿಯಲ್ಲಿ ಚೈನು ಉಜ್ಜುತ್ತದೆ, ಇನ್ನೊಂದು ಬದಿಯಲ್ಲಿ ಬ್ರೇಕಿನ ಸರಳು ತಾಗುತ್ತದೆ. ಅದಕ್ಕಾಗಿ ಹಿಂಬದಿಯ ಕವಲನ್ನು ಕೊಯ್ದು ಬೆಸೆಯುತ್ತಾರೆ, ಮಡ್‌ಗಾರ್ಡನ್ನು ಕತ್ತರಿಸುತ್ತಾರೆ. ಚಕ್ರದ ಸುತ್ತಳತೆ ಬದಲಾದರೆ ಗಿಯರಿನ ಲೆಕ್ಕ ತಪ್ಪುತ್ತದೆ. 125 ಸಿ.ಸಿ.ಗಿಂತ ದೊಡ್ಡ ಹೊಸ ಗಾಡಿಗಳೆಲ್ಲಕ್ಕೂ 2019ರ ಏಪ್ರಿಲಿನಿಂದ ಎ.ಬಿ.ಎಸ್. ಕಡ್ಡಾಯವಾಗಿದೆ, ಚಕ್ರಗಳು ತಿರುಗುವ ವೇಗವನ್ನು ಅಳೆದು ಕೆಲಸಮಾಡುವ ಆ ವ್ಯವಸ್ಥೆ ಕಂಪೆನಿಯವರು ಕೊಟ್ಟ ಚಕ್ರದ ಅಳತೆಗೆ ಹೊಂದಿಸಿದ್ದು. ಒಂದು ಟಯರು ಉಳಿಸಹೊರಟವನು ರಿಮ್ಮು, ಕಡ್ಡಿ, ಬೆಸುಗೆ, ಕೂಲಿ ಎಂದು ಎಣಿಸುತ್ತ ಹೋದರೆ ಎರಡು ಮೂರು ಟಯರಿನ ಕ್ರಯ ಅಲ್ಲಿಗೇ ಸಂದಿರುತ್ತದೆ. ಉಳಿತಾಯವೆಲ್ಲಿ ಬಂತು?

"ಕಾರಿನ ಟಯರು ಹೆಚ್ಚು ಭಾರ ಹೊರುತ್ತದಲ್ಲ" ಎಂಬುದು ನಮ್ಮ ಕೃಷಿಕ ಮಿತ್ರರ ವಾದ. ಹೌದು, ಹೊರುತ್ತದೆ. ಟಯರಿನ ಬದಿಯಲ್ಲಿ ಅಳತೆಯ ಮುಂದೆ ಒಂದು ಸಂಖ್ಯೆಯಿರುತ್ತದೆ. ಅದು ಭಾರದ ಸೂಚಿ. 62 ಎಂದಿದ್ದರೆ 265 ಕಿಲೋ, 65 ಎಂದಿದ್ದರೆ 290 ಕಿಲೋ, 82 ಎಂದಿದ್ದರೆ 475 ಕಿಲೋ. ಆದರೆ ಟಯರು ಹೊತ್ತ ಮಾತ್ರಕ್ಕೆ ಗಾಡಿ ಹೊರುವುದಿಲ್ಲ. ಕವಲು, ಶಾಕ್ ಅಬ್ಸಾರ್ಬರು, ಬೇರಿಂಗು, ಬ್ರೇಕು ಇವೆಲ್ಲ ಮೊದಲಿನವೇ. ಟಯರು ಗಟ್ಟಿಯಾಯಿತೆಂದು ಇನ್ನೊಂದು ಮೂಟೆ ಏರಿಸಿದರೆ ಮುರಿಯುವುದು ಬೇರೆ ಕಡೆ. ಇನ್ನೂ ಒಂದು ಸೂಕ್ಷ್ಮವಿದೆ. ಟಯರಿನ ರಬ್ಬರು ಓಡುವಾಗ ಬಾಗಿ ಬಳುಕಿ ಬಿಸಿಯಾದರೆ ಮಾತ್ರ ರಸ್ತೆಯನ್ನು ಚೆನ್ನಾಗಿ ಹಿಡಿಯುತ್ತದೆ. ಕಾರಿನ ಭಾರಕ್ಕೆಂದು ಮಾಡಿದ ಗಟ್ಟಿ ಟಯರು ಮೋಟಾರು ಸೈಕಲಿನ ಹಗುರ ಭಾರಕ್ಕೆ ಸಾಕಷ್ಟು ಬಳುಕುವುದಿಲ್ಲ, ಬೇಗ ಬಿಸಿಯಾಗುವುದಿಲ್ಲ. ಬಹುಕಾಲ ಬಾಳುವ ರಬ್ಬರು ಸಾಮಾನ್ಯವಾಗಿ ಗಡಸು ರಬ್ಬರು. ಅದು ಸವೆಯದಿರುವುದಕ್ಕೂ ಕಡಮೆ ಅಂಟುವುದಕ್ಕೂ ಕಾರಣ ಒಂದೇ. ಬಾಳಿಕೆಯೆಂದು ನಾವು ಸಂತೋಷಪಡುವ ಗುಣವೇ ತಿರುವಿನಲ್ಲಿ ನಮ್ಮ ಕೈಬಿಡುತ್ತದೆ.

ಮಳೆಯ ಮಾತನ್ನು ಪ್ರತ್ಯೇಕವಾಗಿ ಹೇಳಬೇಕು. ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮ ರಸ್ತೆಗಳು ರಸ್ತೆಗಳಾಗಿ ಉಳಿಯುವುದಿಲ್ಲ, ತೋಡುಗಳಾಗುತ್ತವೆ. ಗುಡ್ಡದ ಕೆಂಪು ಮಣ್ಣು ಡಾಮರಿನ ಮೇಲೆ ಹರಿದು ಬೆಣ್ಣೆಯಂತಾಗುತ್ತದೆ. ದುಂಡು ಟಯರು ದೋಣಿಯ ಮೂತಿಯಂತೆ ನೀರನ್ನು ಸೀಳಿ ಎರಡು ಬದಿಗೆ ತಳ್ಳುತ್ತದೆ. ಅಗಲವಾದ ಚಪ್ಪಟೆ ಟಯರು ಕಡಮೆ ಭಾರ, ಕಡಮೆ ಗಾಳಿಯಲ್ಲಿ ಓಡುವಾಗ ನೀರಿನ ಪದರದ ಮೇಲೆ ಬೇಗನೆ ತೇಲತೊಡಗುವ ಸಂಭವವಿದೆ. ಅದರ ಗೀರುಗಳು ಆಳವಾಗಿವೆಯೆಂಬ ಸಮರ್ಥನೆಯನ್ನು ಕೇಳಿದ್ದೇವೆ. ನೇರ ರಸ್ತೆಯಲ್ಲಿ ನೆಟ್ಟಗೆ ಹೋಗುವಾಗ ಅದರಲ್ಲಿ ಸತ್ಯಾಂಶವೂ ಇದ್ದೀತು. ಚೆರ್ಕಳದಿಂದ ಬದಿಯಡ್ಕ, ಪೆರ್ಲ ದಾರಿಯಾಗಿ ಕಲ್ಲಡ್ಕಕ್ಕೆ ಹೋಗುವ ರಸ್ತೆಯಲ್ಲಿ ಓಡಾಡುವವರಿಗೆ ಕೇಳಿ, ನೆಟ್ಟಗೆ ಹೋಗಲು ಸಿಗುವ ದೂರವೆಷ್ಟೆಂದು. ಮುಳ್ಳೇರಿಯ, ಬಂದಡ್ಕ ಕಡೆಯವರ ಅನುಭವವೂ ಬೇರೆಯಲ್ಲ. ಬಸ್ಸಿಗೆ ದಾರಿ ಬಿಡಲು ಡಾಮರಿನಿಂದ ಕೆಳಗಿಳಿದು ಮತ್ತೆ ಮೇಲೇರಬೇಕಾದ ನಮ್ಮ ರಸ್ತೆಗಳ ಅಂಚಿನಲ್ಲಿ, ಚಪ್ಪಟೆ ಟಯರಿನ ಒಂದು ಮೂಲೆ ಮಾತ್ರ ಮೆಟ್ಟಿಲಿಗೆ ತಾಗಿದರೆ ಗಾಡಿಯೇ ಪಕ್ಕಕ್ಕೆ ಎಳೆಯಲ್ಪಡುತ್ತದೆ. ಹಿಂದೆ ಕುಳಿತವರು ಸೀರೆಯುಟ್ಟು ಒಂದೇ ಬದಿಗೆ ಕಾಲು ಹಾಕಿ ಮಗುವನ್ನು ಮಡಿಲಲ್ಲಿಟ್ಟುಕೊಂಡಿದ್ದರೆ ಮುಂದಿನದನ್ನು ನಾವು ಬರೆಯಬೇಕಾಗಿಲ್ಲ.

ಹಾಗಾದರೆ ಕಾರಿನ ಟಯರು ಮೋಟಾರು ಸೈಕಲಿಗೆ ಎಂದೂ ಸಲ್ಲದೇ? ಒಂದು ಕಡೆ ಸಲ್ಲುತ್ತದೆ, ಅದನ್ನು ಹೇಳದಿದ್ದರೆ ನ್ಯಾಯವಾಗದು. ಸೈಡ್‌ಕಾರು ಕಟ್ಟಿದ ಬುಲೆಟ್ಟುಗಳನ್ನು ಕಂಡ ನೆನಪು ನಮ್ಮ ಹಿರಿಯ ಓದುಗರಿಗೆ ಇದ್ದೀತು. ಬದಿಯಲ್ಲಿ ಮೂರನೆಯ ಚಕ್ರವಿರುವ ಅಂಥ ಗಾಡಿ ತಿರುವಿನಲ್ಲಿ ವಾಲುವುದಿಲ್ಲ. ಕಾರಿನಂತೆ ನೆಟ್ಟಗೆ ತಿರುಗುತ್ತದೆ. ದುಂಡು ಟಯರು ಅದಕ್ಕೆ ಹಾಕಿದರೆ ನಡುಭಾಗ ಮಾತ್ರ ಸವೆದು ಹಾಳು. ಆದುದರಿಂದ ಹೊರದೇಶಗಳಲ್ಲಿ ಸೈಡ್‌ಕಾರಿನ ಗಾಡಿಗಳಿಗೆ ಚಪ್ಪಟೆ ಟಯರು ಹಾಕುವುದನ್ನು ಬಲ್ಲವರು ಆಕ್ಷೇಪಿಸುವುದಿಲ್ಲ. ಇದರಿಂದ ಸಿದ್ಧವಾಗುವುದೇನು? ಟಯರಿನಲ್ಲಿ ದೋಷವಿಲ್ಲ, ಮೆಕ್ಯಾನಿಕನ ಕೈಚಳಕದಲ್ಲಿಯೂ ದೋಷವಿಲ್ಲ. ವಾಲುವ ಗಾಡಿಗೆ ವಾಲದ ಟಯರು ತೊಡಿಸುವುದರಲ್ಲಿ ದೋಷ. ಅಣ್ಣನ ಚಪ್ಪಲಿ ಗಟ್ಟಿಯಾಗಿದೆಯೆಂದು ತಮ್ಮನ ಕಾಲಿಗೆ ಹಾಕಿ ಗುಡ್ಡ ಹತ್ತಿಸಿದಂತೆ ಅದು.

ಕಾನೂನಿನ ದೃಷ್ಟಿಯಿಂದಲೂ ಈ ವಿಷಯವನ್ನು ನೋಡಬೇಕಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ವಿಧಿ, ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗೂ ನೋಂದಣಿ ಪತ್ರದ ವಿವರಗಳಿಗೂ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಬಾರದೆಂದು ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಕೇರಳದಿಂದಲೇ ಹೋಗಿದ್ದ ಮೊಕದ್ದಮೆಯೊಂದರಲ್ಲಿ ಈ ವಿಧಿಯನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಅದೇ ವರ್ಷ ತಿದ್ದುಪಡಿಯಾದ 182-ಎ ವಿಧಿಯಂತೆ, ಅನುಮತಿಯಿಲ್ಲದ ಮಾರ್ಪಾಟು ಮಾಡಿಸಿದ ಮಾಲಿಕನಿಗೆ ಆರು ತಿಂಗಳವರೆಗೆ ಸಜೆ, ಅಥವಾ ಮಾರ್ಪಾಟೊಂದಕ್ಕೆ ಐದು ಸಾವಿರ ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಟಯರುಗಳ ಗುಣಮಟ್ಟಕ್ಕೆ ಭಾರತೀಯ ಮಾನಕ ಸಂಸ್ಥೆಯೂ ಎರಡು ಬೇರೆ ಮಾನಕಗಳನ್ನೇ ಇಟ್ಟಿದೆ: ಇರುಚಕ್ರ, ಮೂರು ಚಕ್ರದ ವಾಹನಗಳಿಗೆ 15627, ಪ್ರಯಾಣಿಕರ ಕಾರುಗಳಿಗೆ 15633. ಒಂದರ ಪರೀಕ್ಷೆಯಲ್ಲಿ ತೇರ್ಗಡೆಯಾದದ್ದು ಇನ್ನೊಂದರದ್ದರಲ್ಲಿಯೂ ತೇರ್ಗಡೆಯಾದಂತೆ ಆಗುವುದಿಲ್ಲ. ದಂಡವನ್ನಾದರೂ ಹೇಗೋ ತೆತ್ತೇವು. ಅಪಘಾತವಾದ ಮೇಲೆ ವಿಮಾ ಕಂಪೆನಿಯವರು "ಗಾಡಿಯನ್ನು ಬದಲಿಸಿದ್ದೀರಿ" ಎಂದು ತಗಾದೆ ತೆಗೆದರೆ ಆ ಕುಟುಂಬ ಯಾರಲ್ಲಿಗೆ ಹೋಗಬೇಕು?

ಇಷ್ಟು ಹೇಳಿ 'ಹಾಕಿಸಬೇಡಿ' ಎಂದು ಕೈತೊಳೆದುಕೊಂಡರೆ ನಮ್ಮ ಕೆಲಸ ಮುಗಿಯುವುದಿಲ್ಲ. ಕೃಷಿಕ ಮಿತ್ರರ ಕಷ್ಟ ನಿಜವಾದದ್ದು. ಟಯರು ಬೇಗ ಸವೆಯುವುದಕ್ಕೆ ಪರಿಹಾರ ಬೇಕು. ಬಲ್ಲವರನ್ನು ವಿಚಾರಿಸಿ ತಿಳಿದ ಕೆಲವು ಸಂಗತಿಗಳನ್ನು ಇಲ್ಲಿ ಕೊಡುತ್ತೇವೆ. ಟಯರು ಅಕಾಲದಲ್ಲಿ ಹಾಳಾಗಲು ಮುಖ್ಯ ಕಾರಣ ಗಾಳಿ ಕಡಮೆಯಿರುವುದು. ವಾರಕ್ಕೊಮ್ಮೆ, ಗಾಡಿ ಓಡುವ ಮೊದಲು ಟಯರು ತಣ್ಣಗಿರುವಾಗ, ಕಂಪೆನಿಯ ಪುಸ್ತಕದಲ್ಲಿ ಹೇಳಿದಷ್ಟು ಗಾಳಿ ತುಂಬಿಸಬೇಕು. ಹಿಂದೆ ಜನ ಕುಳಿತರೆ ಎಷ್ಟು ಹೆಚ್ಚಿಸಬೇಕೆಂಬುದೂ ಅದರಲ್ಲಿಯೇ ಇರುತ್ತದೆ. ಚಕ್ರ ಓರೆಯಾಗಿದ್ದರೆ ಟಯರು ಒಂದೇ ಬದಿಯಲ್ಲಿ ಸವೆಯುತ್ತದೆ. ಅದನ್ನು ಸರಿಪಡಿಸಲು ಹೆಚ್ಚು ಖರ್ಚಿಲ್ಲ. ಹೊಸ ಟಯರು ಕೊಳ್ಳುವಾಗ ಬದಿಯಲ್ಲಿರುವ ನಾಲ್ಕು ಅಂಕಿಗಳನ್ನು ನೋಡಿ: 2419 ಎಂದಿದ್ದರೆ ಅದು 2019ರ 24ನೆಯ ವಾರದಲ್ಲಿ ತಯಾರಾದದ್ದು. ಅಂಗಡಿಯ ಅಟ್ಟದಲ್ಲಿ ವರ್ಷಾನುಗಟ್ಟಲೆ ಒಣಗಿದ ರಬ್ಬರಿಗೆ ಹೊಸತರ ಕ್ರಯ ಕೊಡಬೇಕಾಗಿಲ್ಲ. ತಿರುಗುವ ದಿಕ್ಕನ್ನು ತೋರಿಸುವ ಬಾಣದ ಗುರುತಿದ್ದರೆ ಅದೇ ದಿಕ್ಕಿಗೆ ಕೂರಿಸಬೇಕು. ಇರುಚಕ್ರದ ಟಯರುಗಳಲ್ಲಿಯೇ ಹೆಚ್ಚು ಬಾಳಿಕೆಯವು ಸಿಗುತ್ತವೆ. ಗಾಡಿಗೆ ಹೇಳಿದ ಅಳತೆ, ಭಾರದ ಸೂಚಿ ಹೊಂದಿದರೆ ಅವನ್ನು ಧಾರಾಳವಾಗಿ ಹಾಕಬಹುದು. ಗೀರಿನ ಆಳ 0.8 ಮಿಲಿಮೀಟರಿಗಿಂತ ಕಡಮೆಯಾದರೆ ಕಾನೂನಿನಂತೆಯೂ ಆ ಟಯರು ಮುಗಿದ ಹಾಗೆ. ಮಳೆಗಾಲಕ್ಕೆ ಮೊದಲೇ ಬದಲಿಸುವುದು ವಿವೇಕ. ಇನ್ನು ಮೂಟೆಗಳ ವಿಷಯ. ಮೂರು ಮೂಟೆ ಅಡಿಕೆಗೆ ಅಕ್ಕಪಕ್ಕದ ಮನೆಯವರು ಸೇರಿ ಒಂದು ಆಟೋರಿಕ್ಷಾ ಮಾಡಿಕೊಂಡರೆ, ತಿಂಗಳ ಬಾಡಿಗೆ ಒಂದು ಟಯರಿನ ಕ್ರಯಕ್ಕಿಂತ ಕಡಮೆಯೇ ಆದೀತು. ಲೆಕ್ಕ ಹಾಕಿ ನೋಡಲಿ.

ಮೆಕ್ಯಾನಿಕ್ ಬಂಧುಗಳಿಗೆ ಒಂದು ಮಾತು. ಹಳ್ಳಿಯ ಕಾರ್ಯಾಗಾರದವರೆಂದರೆ ನಮಗೆ ಗೌರವ. ಬಿಡಿಭಾಗಗಳಿಗೆ ಮಂಗಳೂರಿಗೆ ಹೋಗಿ ಬರಬೇಕಾದ ಕಾಲದಿಂದಲೂ ಇದ್ದ ಸಾಮಾನಿನಲ್ಲಿಯೇ ಗಾಡಿ ಓಡುವಂತೆ ಮಾಡಿ, ನಡುರಾತ್ರಿ ಕರೆದರೂ ಟಾರ್ಚು ಹಿಡಿದುಕೊಂಡು ಬಂದವರು ಅವರು. ಆ ಜಾಣ್ಮೆಯನ್ನು ನಂಬಿ ಜನ ತಮ್ಮ ಮಕ್ಕಳನ್ನು ಆ ಗಾಡಿಯ ಮೇಲೆ ಕೂರಿಸುತ್ತಾರೆ. ಕೂರಿಸಲು ಬರುತ್ತದೆ ಎಂಬುದಕ್ಕೂ ಕೂರಿಸಬಹುದು ಎಂಬುದಕ್ಕೂ ಅಂತರವಿದೆಯೆಂದು ಗಿರಾಕಿಗೆ ತಿಳಿಸಿಹೇಳುವುದು ಅವರ ಕಸುಬಿನ ಧರ್ಮವೇ ಆಗಿದೆ. ಒಂದು ದಿನದ ಕೂಲಿ ಹೋಯಿತೆಂದು ಬೇಸರವಾಗಬಹುದು. ಆದರೆ ಹಾಗೆ ಹೇಳಿ ಕಳುಹಿಸಿದ ಗಿರಾಕಿ ಮತ್ತೆ ಮತ್ತೆ ಅವರಲ್ಲಿಗೇ ಬರುತ್ತಾನೆ.

ಅಧಿಕಾರಿಗಳ ಹೊಣೆಯೂ ಇದೆ. ರಸ್ತೆಯಲ್ಲಿ ತಡೆದು ದಂಡದ ಚೀಟಿ ಹರಿದುಕೊಡುವುದರಿಂದ ತಿಳಿವಳಿಕೆ ಹೆಚ್ಚುವುದಿಲ್ಲ. ವರ್ಷಕ್ಕೊಮ್ಮೆ ಮಳೆಗಾಲದ ಮೊದಲು ಪೇಟೆ ಪೇಟೆಗಳಲ್ಲಿ ಟಯರು ಪರೀಕ್ಷೆಯ ಶಿಬಿರ ನಡೆಸಿ, ಸವೆದದ್ದನ್ನು, ಹೊಂದದ್ದನ್ನು ತೋರಿಸಿಕೊಟ್ಟರೆ ಜನ ಕೇಳುತ್ತಾರೆ. ಕೆ.ಎಲ್. 14ರ ಫಲಕ ಹೊತ್ತ ಗಾಡಿಗಳ ಸವಾರರಲ್ಲಿ ಕನ್ನಡವನ್ನಷ್ಟೇ ಓದಬಲ್ಲವರು ಸಾಕಷ್ಟಿದ್ದಾರೆ. ಜೀವಕ್ಕೆ ಸಂಬಂಧಿಸಿದ ಎಚ್ಚರಿಕೆಯ ಫಲಕ, ಕರಪತ್ರಗಳು ಮಲಯಾಳದೊಂದಿಗೆ ಕನ್ನಡದಲ್ಲಿಯೂ ಇರಬೇಕೆಂದು ಕೇಳುವುದು ಭಾಷೆಯ ಹಟವೆಂದು ಯಾರೂ ಭಾವಿಸಬೇಕಾಗಿಲ್ಲ. ಅರ್ಥವಾಗದ ಎಚ್ಚರಿಕೆ ಕೊಡದ ಎಚ್ಚರಿಕೆಗೆ ಸಮ. ಕುಂದುಕೊರತೆಯ ಅರ್ಜಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಎಲ್ಲರಿಗೂ ಕೊಟ್ಟಿದೆ. ರಸ್ತೆಯ ಅಂಚು ಕುಸಿದಲ್ಲಿ, ಚರಂಡಿ ಕಟ್ಟಿ ನೀರು ಡಾಮರಿಗೆ ಬಂದಲ್ಲಿ, ಊರವರು ಕನ್ನಡದಲ್ಲಿಯೇ ಬರೆದು ಸಂಬಂಧಪಟ್ಟವರ ಗಮನಕ್ಕೆ ತರಲಿ. ಟಯರು ಬೇಗ ಸವೆಯುವುದರಲ್ಲಿ ಹೊಂಡಗಳ ಪಾಲು ಏನೂ ಸಣ್ಣದಲ್ಲ.

ನಮ್ಮದು ಮಿತವ್ಯಯದ ಜನ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂದು ಕಲಿತವರು. ಹರಿದ ಕೊಡೆಗೆ ತೇಪೆ ಹಾಕಿಸಿ ಇನ್ನೊಂದು ಮಳೆಗಾಲ ಕಳೆಯುವವರು. ಈ ಗುಣವನ್ನು ನಾವು ಹಳಿಯುವುದಿಲ್ಲ, ಅದೇ ನಮ್ಮನ್ನು ಇಷ್ಟು ಕಾಲ ಉಳಿಸಿದೆ. ಆದರೆ ಉಳಿತಾಯಕ್ಕೆ ಒಂದು ಎಲ್ಲೆಯಿದೆ. ಮೋಟಾರು ಸೈಕಲು ನೆಲವನ್ನು ಮುಟ್ಟುವುದು ಎರಡೇ ಎರಡು ಕಡೆ, ಒಂದೊಂದೂ ಅಂಗೈಯಗಲ. ಮನೆಯ ಯಜಮಾನ, ಹಿಂದೆ ಕುಳಿತ ಮಗಳು, ಇಬ್ಬರ ಭಾರವನ್ನೂ ಆ ಎರಡು ಅಂಗೈಗಳೇ ಹೊತ್ತಿರುತ್ತವೆ. ಅವುಗಳಲ್ಲಿ ಒಂದನ್ನು ಪ್ರಯೋಗಕ್ಕೆ ಒಡ್ಡುವುದು ಬೇಡವೆಂದು ನಮ್ಮ ಕೃಷಿಕ ಮಿತ್ರರಿಗೂ, ಅವರಂತೆ ಯೋಚಿಸುತ್ತಿರುವ ಎಲ್ಲ ಓದುಗರಿಗೂ ವಿನಯಪೂರ್ವಕವಾಗಿ ತಿಳಿಸುತ್ತೇವೆ. ಗಾಡಿಗೆ ಹೇಳಿದ ಟಯರನ್ನೇ ಹಾಕಿಸಲಿ, ಇಬ್ಬರೂ ತಲೆಗೆ ಹೆಲ್ಮೆಟ್ಟು ಧರಿಸಲಿ, ತಿರುವಿನಲ್ಲಿ ನಿಧಾನವಾಗಿ ಹೋಗಲಿ. ಟಯರು ಸವೆದರೆ ಇನ್ನೊಂದು ಕೊಳ್ಳಬಹುದು.